ವೈರಿಯ ಸಾಕ್ಷಿ ಬೇಡವೆಂದ ಬಾಳಮ್ಮ

ಆಳಂದ ತಾಲ್ಲೂಕಿನ ನಿಂಬರ್ಗಾದ ಕಡೆಯ ಓಣಿಯಲ್ಲಿ ಈ ಕಥೆಯನ್ನು ತೊಗರಿ ಕೊಯ್ಯುವ ಹೆಂಗಸರು ಹೇಳುತ್ತಾರೆ. ಜೇವರ್ಗಿಯ ಪ್ರಾರ್ಥನಾ ಮನೆಗಳಲ್ಲಿ ಇದು ತುಸು ಬೇರೆಯಾಗಿ ಕೇಳಿಬರುತ್ತದೆ. ಅಫಜಲಪುರದ ಕಡೆ, ಭೀಮಾ ದಂಡೆಯ ಊರುಗಳಲ್ಲಿ, ಒಂದು ಭಾಗವನ್ನು ಬಿಟ್ಟೇ ಹೇಳುತ್ತಾರೆ. ಆ ಭಾಗದಲ್ಲಿ ಅವರದೂ ಒಂದು ತಪ್ಪಿದೆ. ಮೂರೂ ಕಡೆಯವರು ಒಪ್ಪುವ ಸಂಗತಿಗಳನ್ನು ಇಲ್ಲಿ ಎಳೆಯಾಗಿ ಹಿಡಿಯಲಾಗಿದೆ. ಒಪ್ಪದಿರುವುದನ್ನು ಆಯಾ ಜಾಗದಲ್ಲಿ ತಿಳಿಸಲಾಗಿದೆ.

ಮೊದಲು ಪದ್ಧತಿಯ ವಿಷಯ. ಈ ಸೀಮೆಯಲ್ಲಿ ಯಾರಿಗಾದರೂ ಗಾಳಿ ಹಿಡಿದಿದೆ ಎಂದಾದರೆ ಅದನ್ನು ಮಾತನಾಡಿಸುತ್ತಾರೆ. ಬೇವಿನ ಟೊಂಗೆ ಹಿಡಿದು, ಹಲಗೆ ಬಾರಿಸಿ, ಮೂರು ಪ್ರಶ್ನೆ ಕೇಳುತ್ತಾರೆ: ನೀನು ಯಾರು, ಎಲ್ಲಿ ಹಿಡಿದೆ, ನಿನ್ನನ್ನು ಯಾರು ಕಳಿಸಿದರು. ಮೂರನೆಯದಕ್ಕೆ ಬರುವ ಹೆಸರೇ ತೀರ್ಪು. ಹೆಸರು ಬಂದವಳು ಎಲ್ಲರೆದುರು ನಿಂತು, ರೋಗಿಯ ನೆತ್ತಿಯ ಮೇಲೆ ಉಗುಳಿ, ‘ಹಿಂದಕ್ಕ ತಗೊಂಡೆ’ ಎನ್ನಬೇಕು. ಅನ್ನದಿದ್ದರೆ ಓಣಿ ಬಿಡಬೇಕು. ಆ ಮಾತು ಅಂದರೋ, ಕಳಿಸಿದವಳು ತಾನೇ ಎಂದು ಒಪ್ಪಿಕೊಂಡಂತೆ. ಅಂಥವಳ ಮನೆಯ ನೀರನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ.

ಎರಡು ತಲೆಮಾರಿನ ಹಿಂದೆ ಕಡೆಯ ಓಣಿಯ ಅರ್ಧ ಮನೆಗಳು ಯೇಸುವನ್ನು ನಂಬಿದವು. ಜಗಲಿಯ ಮೇಲಿನ ದೇವರುಗಳನ್ನು ಭೀಮೆಯಲ್ಲಿ ಬಿಟ್ಟು ಬಂದರು. ಹಲಗೆಯನ್ನು ಕೆಳಗಿಟ್ಟರು, ಬೇವಿನ ಟೊಂಗೆಯನ್ನು ಬಿಸಾಡಿದರು. ತಗಡಿನ ಪ್ರಾರ್ಥನಾ ಮನೆಯ ಹೊಸ್ತಿಲು ದಾಟುವಾಗ ಆ ಮೂರು ಪ್ರಶ್ನೆಗಳನ್ನು ಹೊರಗಿಟ್ಟು ಬರಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಬಾಳಮ್ಮ ಆ ನಂಬಿದ ಮನೆಗಳ ಪೈಕಿ ಒಂದರ ಸೊಸೆ. ಐವತ್ತರ ಆಸುಪಾಸಿನವಳು, ತೊಗರಿ ಕೊಯ್ಯುವ ಹೆಂಗಸರ ಗುಂಪಿಗೆ ಮುಂದಾಳು. ಓದು ಬಾರದು, ಬೈಬಲ್ಲಿನ ವಾಕ್ಯಗಳೆಲ್ಲ ಕೇಳಿ ಕೇಳಿ ಬಾಯಿಗೆ ಬಂದವು. ಶೈತಾನನೆಂದರೆ ಅವಳಿಗೆ ಭಾನುವಾರದ ಮಾತಲ್ಲ, ದಿನನಿತ್ಯದ ಜಗಳ. ಕೊಯ್ಯುತ್ತ ಕೊಯ್ಯುತ್ತ ಪಕ್ಕದವಳ ಹೊಸ ಸೀರೆಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದರೆ, ‘ಬಂದ್ಯಾ, ನಡಿ ಹೊರಗ’ ಎಂದು ಗಟ್ಟಿಯಾಗಿಯೇ ಹೇಳಿ ಮತ್ತೆ ಕುಡುಗೋಲು ಆಡಿಸುತ್ತಿದ್ದಳು. ಗುಂಪಿಗೆ ಹೊಸದಾಗಿ ಸೇರಿದವರು ಆ ಮಾತು ತಮಗೇ ಎಂದು ತಿಳಿದು ಎದ್ದು ಹೋಗಲು ನೋಡಿದ್ದುಂಟು.

ಅವಳ ಗಂಡ ಚಂದಪ್ಪ ಪ್ರಾರ್ಥನಾ ಮನೆಯಲ್ಲಿ ಢೋಲಕ ನುಡಿಸುತ್ತಿದ್ದ. ಅವನ ತಂದೆ ಗಾಳಿ ಬಿಡಿಸುವಲ್ಲಿ ಹಲಗೆ ಬಾರಿಸುತ್ತಿದ್ದವನು.

ಇವರ ಮನೆಗೆ ಗೋಡೆ ಹಂಚಿಕೊಂಡಿದ್ದವಳು ನಿಂಬೆವ್ವ: ಎಪ್ಪತ್ತು ದಾಟಿದ, ಮಕ್ಕಳಿಲ್ಲದ ವಿಧವೆ. ಎರಡು ಆಡು ಸಾಕಿಕೊಂಡಿದ್ದಳು. ಓಣಿಯ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿಕೊಂಡ ಸೂಲಗಿತ್ತಿ. ಅವಳು ನಂಬಿದವಳಲ್ಲ, ಅಮಾವಾಸ್ಯೆಗೊಮ್ಮೆ ಜಿಡಗಾದ ಮಠಕ್ಕೆ ಹೋಗಿ ಬರುವವಳು. ನಡುವಿನ ಗೋಡೆ ಎದೆಮಟ್ಟದ್ದು. ಹೆಪ್ಪು, ಕಡ್ಡಿಪೆಟ್ಟಿಗೆ, ಬೈಗುಳ ಎಲ್ಲವೂ ಅದರ ಮೇಲಿಂದಲೇ ಓಡಾಡುತ್ತಿದ್ದವು.

ಬಾಳಮ್ಮನ ಒಬ್ಬಳೇ ಮಗಳು ವಿಜಯಶ್ರೀಯನ್ನು ಅಫಜಲಪುರ ತಾಲ್ಲೂಕಿಗೆ ಕೊಟ್ಟು ಎರಡು ವರ್ಷವಾಗಿತ್ತು. ಆ ವರ್ಷ ದಸರೆ ಕಳೆದ ಮೇಲೆ ಹುಡುಗಿ ಒಂದು ಚೀಲ ಹಿಡಿದು ತವರಿಗೆ ಬಂದಳು. ಯಾಕೆಂದು ಹೇಳಲಿಲ್ಲ. ಉಣ್ಣಲಿಲ್ಲ. ಗೋಡೆಗೆ ಮುಖ ಹಾಕಿ ಕೂತಿರುತ್ತಿದ್ದಳು. ಬಂದ ವಾರದಲ್ಲಿ ನಿಂಬೆವ್ವ ಒಮ್ಮೆ ಅವಳನ್ನು ತನ್ನ ಮನೆಗೆ ಕರೆದು, ಬಾಗಿಲು ಮುಂದೆ ಮಾಡಿಕೊಂಡು, ಬಹಳ ಹೊತ್ತು ಕೂರಿಸಿಕೊಂಡಿದ್ದಳು. ಓಣಿಯವರು ಅದನ್ನು ನೋಡಿದ್ದರು. ಹದಿನೈದು ದಿನಕ್ಕೆ ವಿಜಯಶ್ರೀ ಹೊಲದಲ್ಲಿ ಬಿದ್ದಳು. ಹಲ್ಲು ಕಚ್ಚಿ, ಕೈ ಸೆಟೆದು, ಕಣ್ಣು ಮೇಲೆ ಮಾಡಿ. ಆಮೇಲೆ ಮನೆಯಲ್ಲಿಯೂ ಬಿದ್ದಳು.

ಡಿಸೆಂಬರ್‌ನ ಎರಡನೆಯ ಭಾನುವಾರ ಪ್ರಾರ್ಥನೆ ನಡೆಸಲು ಜೇವರ್ಗಿಯಿಂದ ಕಲ್ಯಾಣಕುಮಾರ ಬಂದಿದ್ದ. ಹೆದ್ದಾರಿಯ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನು, ಅದನ್ನು ತಮ್ಮನಿಗೆ ಬಿಟ್ಟು ಊರೂರು ತಿರುಗಿ ಪ್ರಾರ್ಥಿಸುತ್ತಿದ್ದ. ಅವನ ತಂಗಿ, ಹುಚ್ಚು ಎಂದು ಕಂಬಕ್ಕೆ ಕಟ್ಟಿಸಿಕೊಂಡು ಸತ್ತವಳು. ಹಾಗಾಗಿ ಯಾವ ಹೆಣ್ಣುಮಗಳನ್ನೂ ಶೈತಾನನ ಕೈಯಲ್ಲಿ ಬಿಟ್ಟು ಬಸ್ಸು ಹತ್ತಲು ಅವನಿಂದ ಆಗುತ್ತಿರಲಿಲ್ಲ. ಈ ಮಾತನ್ನು ಅವನ ಮೇಲೆ ಸಿಟ್ಟಿರುವವರೂ ಹೇಳುತ್ತಾರೆ.

ಹಾಡಿನ ನಡುವೆ ವಿಜಯಶ್ರೀ ಬಿದ್ದಳು. ದನಿ ಗಂಡಸಿನ ದನಿಯಂತೆ ಒರಟಾಯಿತು. ಕಲ್ಯಾಣಕುಮಾರ ಅವಳ ತಲೆಯ ಮೇಲೆ ಕೈಯಿಟ್ಟು, ಯೇಸುವಿನ ಹೆಸರಿನಲ್ಲಿ ಹೇಳು ಎಂದು ಆ ಮೂರು ಪ್ರಶ್ನೆಗಳನ್ನೇ ಕೇಳಿದ. ಮೊದಲಿನದಕ್ಕೆ ಯಾರೋ ಸತ್ತವನ ಹೆಸರು ಬಂತು, ಎರಡನೆಯದಕ್ಕೆ ಭೀಮಾ ದಂಡೆಯ ಒಂದು ಬಾವಿ. ಮೂರನೆಯದಕ್ಕೆ ಜವಾಬು ಬರಲಿಲ್ಲ. ಮತ್ತೆ ಕೇಳಿದ. ಕಡೆಗೆ ಇಡೀ ಮನೆಯೇ ಒಂದೇ ದನಿಯಲ್ಲಿ ಕೇಳತೊಡಗಿತು. ಆಗ ಹುಡುಗಿಯ ಬಾಯಿಂದ, ‘ಗ್ವಾಡಿ ಆಚಿಗಿನಾಕಿ, ನಿಂಬೆವ್ವ’ ಎಂದು ಬಂತು.

ಕಲ್ಯಾಣಕುಮಾರ ತೀರ್ಮಾನ ಹೇಳಿದ. ಬರುವ ಭಾನುವಾರ ನಿಂಬೆವ್ವ ಬಾಗಿಲಲ್ಲಿ ನಿಂತು, ಹಿಂದಕ್ಕೆ ತೆಗೆದುಕೊಂಡೆ ಎನ್ನಬೇಕು. ಉಗುಳುವುದು ಬೇಡ, ಅದು ಅನ್ಯರ ಪದ್ಧತಿ, ಮಾತು ಸಾಕು. ಮುದುಕಿ ಹಾಕಿದ ಆ ಕಟ್ಟು ಬಿಚ್ಚದಿದ್ದರೆ ಹುಡುಗಿ ಉಳಿಯುವುದು ಕಷ್ಟ. ಮುದುಕಿಯನ್ನು ಕರೆತರುವುದು ತಾಯಿಯ ಹೊಣೆ.

ಆ ವಾರ ನಡೆದದ್ದನ್ನು ನಿಂಬರ್ಗಾದವರು ತಲೆ ತಗ್ಗಿಸಿ ಹೇಳುತ್ತಾರೆ. ನಳದ ಸಾಲಿನಲ್ಲಿ ನಿಂಬೆವ್ವನ ಕೊಡದ ಹಿಂದೆ ಯಾರೂ ಕೊಡ ಇಡಲಿಲ್ಲ. ಶಾಂತಲಿಂಗಪ್ಪ ಎಂಬ ಜಮೀನುದಾರರ ಹೊಲಕ್ಕೆ ತೊಗರಿ ಕೊಯ್ಯಲು ಹೊರಟ ಟ್ರ್ಯಾಕ್ಟರಿನಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಅವಳ ಬಾಗಿಲಿಗೆ ಯಾರೋ ಹರಕು ಚಪ್ಪಲಿ ಕಟ್ಟಿ ಹೋದರು. ನಂಬಿದವರು, ನಂಬದವರು ಎಂದು ಎರಡು ಪಾಲಾಗಿದ್ದ ಓಣಿ ಅನೇಕ ವರ್ಷಗಳ ಮೇಲೆ ಒಂದು ವಿಷಯದಲ್ಲಿ ಒಂದಾಗಿತ್ತು. ಬಾಳಮ್ಮನೂ ಅದರಲ್ಲಿದ್ದಳು. ನಿಂಬೆವ್ವ ಕೊಟ್ಟ ಹೆಪ್ಪಿನಿಂದಾದ ಮೊಸರನ್ನು ಗಡಿಗೆ ಸಮೇತ ತಿಪ್ಪೆಗೆ ಸುರಿದು ಬಂದಳು. ಮೂರು ದಿನ ಗೋಡೆಯ ಕಡೆ ನೋಡಲಿಲ್ಲ.

ಗುರುವಾರ ಮಧ್ಯಾಹ್ನ ಹೊಲದಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಾಗ ಚಂದಪ್ಪ ತನ್ನ ತಂದೆಯ ಮಾತು ತೆಗೆದ.

‘ನಮ್ಮಪ್ಪ ನಲವತ್ತು ವರ್ಷ ಹಲಗಿ ಬಡಿದ. ಒಂದು ದೆವ್ವನೂ ಗೌಡನ ಹೆಸರು ಹೇಳಿದ್ದು ಕೇಳಿಲ್ಲ ಅಂತಿದ್ದ. ಯಾವಾಗ ನೋಡಿದ್ರೂ ಗಂಡ ಸತ್ತಾಕಿ ಹೆಸರೇ.’

‘ದೆವ್ವಕ್ಕೂ ಗೌಡನ ಅಂಜಿಕಿ ಅದ ಅನ್ನು,’ ಎಂದು ಬಾಳಮ್ಮ ನಕ್ಕಳು. ನಕ್ಕವಳು ಕೈಯಲ್ಲಿನ ರೊಟ್ಟಿಯನ್ನು ಹಾಗೇ ಹಿಡಿದು ಕೂತುಬಿಟ್ಟಳು.

ಅವಳಿಗೆ ಆಗ ಹೊಳೆದದ್ದನ್ನು ಮೂರೂ ಕಡೆಯವರು ಬಹುಮಟ್ಟಿಗೆ ಒಂದೇ ರೀತಿ ಹೇಳುತ್ತಾರೆ. ಶೈತಾನ ಮೊದಲಿನಿಂದ ಸುಳ್ಳುಗಾರ ಎಂದು ನಾವು ಪ್ರತಿ ಭಾನುವಾರ ಹೇಳುತ್ತೇವೆ. ಅವನ ಕೆಲಸವೇ ಒಬ್ಬರ ಮೇಲೊಬ್ಬರಿಗೆ ದೂರು ಹೇಳುವುದು ಎನ್ನುತ್ತೇವೆ. ಅಂಥವನನ್ನು ದೇವರ ಮನೆಯ ನಡುವೆ ನಿಲ್ಲಿಸಿ, ದೇವರ ಮಗನ ಹೆಸರು ಹಿಡಿದು, ನಮಗೆ ದ್ವೇಷಿಸಲು ಒಂದು ಹೆಸರು ಕೊಡು ಎಂದು ಕೇಳಿದ್ದೇವೆ. ಕೊಟ್ಟಿದ್ದಾನೆ. ಅದನ್ನು ವಾಕ್ಯದ ಹಾಗೆ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೇವೆ. ಮೊಸರು ಚೆಲ್ಲಿದ ಕೈ ತನ್ನದು. ಚೆಲ್ಲಿಸಿದವನು ಯಾರೆಂದು ಅವಳಿಗೆ ಈಗ ತಿಳಿಯಿತು.

ಚಂದಪ್ಪ ಒಂದು ಅಡ್ಡ ಮಾತು ಕೇಳಿದ. ಆ ಸುಳ್ಳುಗಾರ ಇದೊಂದು ಸಲ ಖರೇ ಹೇಳಿದ್ದರೆ?

‘ಹೇಳಿದ್ರೂ ನಮ್ಮ ಒಳ್ಳೇದಕ್ಕ ಹೇಳಿರೂದಿಲ್ಲ,’ ಎಂದಳು ಬಾಳಮ್ಮ. ‘ಅಂವನ ಸಾಕ್ಷಿ ನನಗ ಬ್ಯಾಡ.’

ಶನಿವಾರ ಸಂಜೆಗೆ ಮುಂಚೆ ಅವಳು ಗೋಡೆಯ ಬಳಿ ನಿಂತು ಕರೆದಳು. ನಿಂಬೆವ್ವ ಆಡುಗಳಿಗೆ ಸೊಪ್ಪು ಹಾಕುತ್ತಿದ್ದವಳು ಬೆನ್ನು ತಿರುಗಿಸಲಿಲ್ಲ. ಬಾಳಮ್ಮ ಮೊಸರಿನ ವಿಷಯ ಹೇಳಿ ತಪ್ಪಾಯಿತು ಎಂದಳು. ಆಗ ಮುದುಕಿ ತಿರುಗಿದಳು.

‘ನಿಮ್ಮ ದೆವ್ವಕ್ಕ ನನ್ನ ಹೆಸರು ಯಾರು ಹೇಳಿಕೊಟ್ರು ಬೇ? ರೇಷನ್ ಕಾರ್ಡ್ ನೋಡಿತ್ತೇನು?’

ನಿಂಬೆವ್ವ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದಳು.

‘ನಾಳೆ ನಾ ಬರ್ತೇನಿ. ಹಿಂದಕ್ಕ ತಗೊಂಡೆ ಅಂತೇನಿ. ಹಂಗಂದ್ರ ನನ್ನ ಹಲ್ಲೇನ್ ಉದುರೂದಿಲ್ಲ, ಅವು ಆಗ್ಲೇ ಉದುರ್ಯಾವ. ಹುಡುಗಿ ನಮ್ಮದು.’

ಈ ಜಾಗದಲ್ಲಿ ಕಥೆ ಹೇಳುವವರು ತುಸು ನಿಲ್ಲುತ್ತಾರೆ. ಮುದುಕಿ ತಾನಾಗಿ ಬರಲು ಒಪ್ಪಿದ್ದಳು. ಬಾಳಮ್ಮ ಸುಮ್ಮನಿದ್ದಿದ್ದರೆ ಸಾಕಿತ್ತು. ಮಗಳ ಕಟ್ಟು ಬಿಚ್ಚುತ್ತದೆ ಎಂದು ಎಲ್ಲರೂ ಹೇಳಿದ್ದರು. ಈಗ ಬೇಡವೆಂದರೆ, ನಾಳೆ ಮಗಳಿಗೆ ಏನಾದರೂ ಆದಾಗ ಆ ಹೊಣೆ ಅವಳೊಬ್ಬಳದೇ. ಬಾಳಮ್ಮ ಗೋಡೆಯ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದಳು.

‘ನೀ ಬರಬ್ಯಾಡ. ನೀ ಆ ಮಾತು ಅಂದ್ರ ಅಂವ ಗೆದ್ದಂಗ. ಸುಳ್ಳು ಹೇಳಿಸಿ ನನ್ನ ಮಗಳನ್ನ ಬಿಡಿಸಿಕೊಂಡ್ರ, ಆಕಿ ಬಿಡುಗಡಿ ಆದಂಗಲ್ಲ, ಅಂವನ ಹತ್ರ ಒತ್ತಿ ಇಟ್ಟಂಗ.’

ಭಾನುವಾರ ತಗಡಿನ ಮನೆ ತುಂಬಿತ್ತು. ನಂಬದ ಮನೆಗಳವರೂ ಹೊರಗೆ ನಿಂತು ಕಿಟಕಿಯಲ್ಲಿ ಇಣುಕುತ್ತಿದ್ದರು. ನಿಂಬೆವ್ವ ಕಾಣದ್ದನ್ನು ನೋಡಿ ಗುಜುಗುಜು ಎದ್ದಿತು. ಎರಡನೆಯ ಹಾಡಿಗೆ ವಿಜಯಶ್ರೀ ಬಿದ್ದಳು. ಕಲ್ಯಾಣಕುಮಾರ ಮಂಡಿಯೂರಿ, ಅವಳ ತಲೆಯ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡ. ಅವನು ಬಾಯಿ ತೆರೆಯುವ ಮುಂಚೆ ಬಾಳಮ್ಮ ಎದ್ದು ನಿಂತಳು.

‘ಅಣ್ಣಾ, ಏನೂ ಕೇಳಬ್ಯಾಡ್ರಿ.’

ಅವನು ಇದು ಯುದ್ಧ, ನಡುವೆ ಬರಬೇಡ ಎಂದ. ಶತ್ರುವಿನ ಗುಟ್ಟು ತಿಳಿಯದೆ ಹೇಗೆ ಹೊಡೆಯುವುದು ಎಂದ.

‘ಯುದ್ಧ ಅಂತೇ ಹೇಳಾಕತ್ತೇನ್ರಿ. ಯಾರಿಗಿ ಹೊಡೀಲಿ ಅಂತ ವೈರಿಗೇ ಕೇಳ್ತಾರೇನ್ರಿ? ಅಂವ ನಮ್ಮ ಕೈಲೆ ನಮ್ಮವರನ್ನೇ ಹೊಡಸಾಕತ್ತಾನ. ಒಂದು ವಾರ ಆಯ್ತು. ದೆವ್ವಕ್ಕ ಒಂದು ಏಟರ ಬಿದ್ದದೇನು? ಎಲ್ಲಾ ಮುದುಕಿಗೇ ಬಿದ್ದಾವ.’

ಸಭೆಯ ಹಿರಿಯಳು ರುಕ್ಮಿಣಿಬಾಯಿ ಮುಂದೆ ಬಂದಳು. ಬಾಳಮ್ಮನ ಅತ್ತೆಯ ಜೊತೆ ಓಣಿಯಲ್ಲಿ ಮೊದಲು ನಂಬಿದವಳು. ಅವಳ ಮಾತಿಗೆ ಎದುರು ಮಾತಿರಲಿಲ್ಲ. ಹೆತ್ತ ಮಗಳಿಗಿಂತ ಗೋಡೆಯಾಚೆಯ ಮುದುಕಿ ಹೆಚ್ಚಾದಳೇ ಎಂದು ಎಲ್ಲರೆದುರು ಕೇಳಿದಳು. ಹೆಂಗಸರ ಸಾಲಿನಿಂದ, ಇವಳು ಕಲ್ಲು, ಎಂಬ ಮಾತು ಬಂತು. ಬಾಳಮ್ಮ ಕೆಳಗೆ ಕೂತು ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಒಳಗಿನ ಒರಟು ದನಿ ತಾನಾಗಿ ಶುರುವಾಯಿತು. ಯಾರೂ ಕೇಳದಿದ್ದರೂ ನಿಂಬೆವ್ವನ ಹೆಸರು ಹೇಳಿತು, ಇನ್ನೂ ಎರಡು ಹೆಸರು ಹೇಳುತ್ತೇನೆ ಎಂದಿತು. ಸಭೆಯೆಲ್ಲ ಕಿವಿ ನಿಮಿರಿಸಿತು. ಬಾಳಮ್ಮ ಮಾತ್ರ ಹೊಲದಲ್ಲಿ ದನ ಬೆದರಿಸುವ ದನಿಯಲ್ಲಿ ಅದಕ್ಕೆ ಹೇಳಿದಳು:

‘ನಿನಗ ಕೇಳೂದೇನೂ ಇಲ್ಲ. ನಿನ್ನ ಹೆಸರು ಬ್ಯಾಡ, ನಿನ್ನ ಊರು ಬ್ಯಾಡ. ಯಾರು ಕಳಿಸ್ಯಾರೋ ಅದೂ ಬ್ಯಾಡ. ಇಲ್ಲಿ ಮಾತಾಡಾಕ ನಿನಗ ಯಾರೂ ಪರವಾನಗಿ ಕೊಟ್ಟಿಲ್ಲ. ಯೇಸುವಿನ ಹೆಸರಿನಾಗ ಬಾಯಿ ಮುಚ್ಚಿ ಹೋಗು.’

ಜೇವರ್ಗಿಯಲ್ಲಿ ಹೇಳುವವರ ಪ್ರಕಾರ ಆಗ ತಗಡು ಅದುರಿತು, ದೆವ್ವ ಕೂಗಿ ಓಡಿತು. ಆ ದಿನ ಒಳಗಿದ್ದ ನಿಂಬರ್ಗಾದ ಹೆಂಗಸರು ಅಂಥದ್ದೇನನ್ನೂ ಹೇಳುವುದಿಲ್ಲ. ಹುಡುಗಿ ಒದ್ದಾಡಿದಳು. ತಾಯಿ ಹಿಡಿದುಕೊಂಡೇ ಇದ್ದಳು, ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಮಂದಿ ಒಬ್ಬೊಬ್ಬರೇ ಎದ್ದು ಹೋದರು. ಚಂದಪ್ಪ ಢೋಲಕವನ್ನು ಪಕ್ಕಕ್ಕಿಟ್ಟು ಮಗಳ ಕಾಲು ಹಿಡಿದು ಕೂತ. ಕಲ್ಯಾಣಕುಮಾರ ಗೋಡೆಗೊರಗಿ ಕಣ್ಣು ಮುಚ್ಚಿ ಪ್ರಾರ್ಥಿಸಿದ. ಬಸ್ಸಿನ ಹೊತ್ತಾದಾಗ ಎದ್ದು, ಬಾಗಿಲಲ್ಲಿ ಹುಡುಗಿಯ ಕಡೆ ತಿರುಗಿ ತಿರುಗಿ ನೋಡಿ ಹೋದ. ಬಿಸಿಲು ಇಳಿಯುವ ವೇಳೆಗೆ ವಿಜಯಶ್ರೀಗೆ ನಿದ್ದೆ ಬಂತು.

ಅಷ್ಟಕ್ಕೆ ಮುಗಿಯಲಿಲ್ಲ. ಮಂಗಳವಾರ ಮತ್ತೆ ಬಿದ್ದಳು, ಶುಕ್ರವಾರವೂ ಬಿದ್ದಳು. ಎರಡೂ ಸಲ ಓಣಿಯ ಹೆಂಗಸರು ಬಾಗಿಲಿಗೆ ಬಂದು, ನೋಡಿದೆಯಾ ಎಂಬಂತೆ ನಿಂತರು. ಎರಡೂ ಸಲ ಬಾಳಮ್ಮ ಏನನ್ನೂ ಕೇಳಲಿಲ್ಲ, ಹೋಗು ಎಂದಷ್ಟೇ ಹೇಳಿದಳು. ನಡುವೆ ಮಗಳನ್ನು ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ, ಮುಂಜಾನೆಗೊಂದು ಸಂಜೆಗೊಂದು ಗುಳಿಗೆ ಬರೆಸಿಕೊಂಡು ಬಂದಳು. ನಂಬಿಕೆ ಇದ್ದರೆ ಗುಳಿಗೆ ಯಾಕೆ, ಗುಳಿಗೆ ಇದ್ದರೆ ಪ್ರಾರ್ಥನೆ ಯಾಕೆ ಎಂದು ರುಕ್ಮಿಣಿಬಾಯಿ ನಳದ ಬಳಿ ಕೆಣಕಿದಳು.

‘ವೈರಿನ್ನ ಬಡ್ಯಾಕ ಎರಡು ಕೈ ಕೊಟ್ಟಾನ್ರಿ ದೇವರು,’ ಎಂದು ಬಾಳಮ್ಮ ಕೊಡ ಎತ್ತಿಕೊಂಡಳು.

ಅವಳಿಗೆ ಭಯವಿರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಮಗಳು ಮಲಗಿದಾಗ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದಳಂತೆ. ತಪ್ಪಿದೆನೇನೋ, ಮುದುಕಿಯನ್ನು ಕರೆತರಬೇಕಿತ್ತೇನೋ ಎಂಬ ಯೋಚನೆ ಬಂದಾಗಲೆಲ್ಲ ಹಿಟ್ಟು ನಾದುವ ಕೈ ನಿಲ್ಲಿಸಿ, ‘ಇದೂ ನಿನ್ನ ದನಿಯೇ’ ಎಂದು ಒಲೆಯ ಕಡೆ ಕಣ್ಣು ಕೆಕ್ಕರಿಸುತ್ತಿದ್ದಳು.

ಮೂರನೆಯ ವಾರದ ಒಂದು ಮಧ್ಯಾಹ್ನ ಬಾಳಮ್ಮ ರೊಟ್ಟಿ ಬಡಿಯುತ್ತಿದ್ದಳು, ವಿಜಯಶ್ರೀ ಪುಂಡಿಪಲ್ಲೆ ಸೋಸುತ್ತ ಕೂತಿದ್ದಳು. ಯಾರೂ ಏನೂ ಕೇಳಿರಲಿಲ್ಲ. ಹುಡುಗಿ ಕೈಯಲ್ಲಿನ ಸೊಪ್ಪನ್ನು ನೋಡುತ್ತಲೇ ತನ್ನ ಸ್ವಂತ ದನಿಯಲ್ಲಿ ಮಾತನಾಡತೊಡಗಿದಳು. ಭಾದ್ರಪದದಲ್ಲಿ ಗಂಡನ ಮನೆಯಲ್ಲಿ ಅವಳಿಗೆ ಐದು ತಿಂಗಳ ಬಸಿರು ಹೋಗಿತ್ತು. ಗೊಬ್ಬರದ ಚೀಲ ಹೊರಿಸಿದವಳು ಅತ್ತೆ. ಕೂಸನ್ನು ತಿಂದವಳು ಎಂದು ಸೊಸೆಯನ್ನು ಕರೆದವಳೂ ಅದೇ ಅತ್ತೆ. ಗಂಡ ಸುಮ್ಮನಿದ್ದ. ಅಂದಿನಿಂದ ತಲೆಯೊಳಗೆ ಒಂದು ದನಿ ಅದನ್ನೇ ಹೇಳುತ್ತಿತ್ತು: ನೀ ತಿಂದಿ, ನೀ ತಿಂದಿ. ಅಫಜಲಪುರದ ಕಡೆಯವರು ಬಿಟ್ಟು ಹೇಳುವ ಭಾಗ ಇದು.

‘ಮತ್ತ ನಿಂಬೆವ್ವನ ಹೆಸರು ಯಾಕ ಬಂತವ್ವ?’ ಎಂದಳು ಬಾಳಮ್ಮ. ಮಗಳಿಗೆ ಅವಳು ಕೇಳಿದ್ದು ಅದೊಂದೇ ಪ್ರಶ್ನೆ.

‘ಒಂದು ಹೆಸರು ಹೇಳೋತನಕ ಬಿಡ್ತಿರ್ಲಿಲ್ಲ ಯವ್ವಾ. ಎಲ್ಲಾರೂ ಕೇಳಾಕತ್ತಿದ್ರು. ಆಕಿ ಒಬ್ಬಾಕಿಗೇ ಗೊತ್ತಿತ್ತು, ಅದಕ್ಕ ಬಾಯಿಗಿ ಆಕಿ ಹೆಸರೇ ಬಂತು. ಹೊಟ್ಟಿ ಮುಟ್ಟಿ ನೋಡಿದಾಕಿ ಆಕೀನೇ. ಯಾರಿಗೂ ಹೇಳಬ್ಯಾಡ ಅಂತ ನಾ ಆಣಿ ಹಾಕಿದ್ದೆ.’

ಬಾಳಮ್ಮ ಒಲೆಯ ಮೇಲಿನ ರೊಟ್ಟಿ ಸುಡುವುದನ್ನು ನೋಡುತ್ತ ಕೂತಳು. ನಳದ ಬಳಿ, ಟ್ರ್ಯಾಕ್ಟರಿನ ಬಳಿ, ಚಪ್ಪಲಿ ಕಟ್ಟಿದ ಬಾಗಿಲ ಬಳಿ, ಒಂದೇ ಒಂದು ಮಾತಿನಿಂದ ಮುದುಕಿ ತನ್ನನ್ನು ಬಿಡಿಸಿಕೊಳ್ಳಬಹುದಿತ್ತು. ಹೇಳಿರಲಿಲ್ಲ. ಆಣೆ ಉಳಿಸಲು, ತಾನು ಮಾಡದ ಪಾಪವನ್ನು ಒಪ್ಪಿಕೊಳ್ಳಲೂ ತಯಾರಾಗಿದ್ದಳು. ಬಾಳಮ್ಮ ಎದ್ದು ಹಿಟ್ಟಿನ ಕೈಯಲ್ಲೇ ಮಗಳ ಮುಖ ಹಿಡಿದುಕೊಂಡಳು.

‘ಆ ದನಿ ನಿಂದಲ್ಲ. ನಿಮ್ಮತ್ತಿ ಬಾಯಿಲೆ ಬಂದ್ರೂ ಆಕಿದಲ್ಲ. ಅಂವಂದು. ನೀ ಏನೂ ತಿಂದಿಲ್ಲ. ಅಂವ ನಿನ್ನ ತಿನ್ನಾಕತ್ತಿದ್ದ.’

ಮುಂದಿನ ಭಾನುವಾರ ವಿಜಯಶ್ರೀ ತಾನೇ ಎದ್ದು ನಿಂತು, ಎಲ್ಲವನ್ನೂ ಸಭೆಗೆ ಹೇಳಿದಳು. ಬಸಿರಿನ ಮಾತನ್ನು ಗಂಡಸರೆದುರು ಆಡಬಾರದೆಂದು ಒಬ್ಬಳು ಸೆರಗು ಎಳೆದಳು. ವಿಜಯಶ್ರೀ ಸೆರಗು ಬಿಡಿಸಿಕೊಂಡು ಮುಗಿಸಿದಳು. ಕಲ್ಯಾಣಕುಮಾರ ಆಗ ಏನು ಮಾಡಿದ ಎಂಬುದರಲ್ಲಿ ಹೇಳುವವರು ಒಪ್ಪುವುದಿಲ್ಲ. ಅವನ ಊರಾದ ಜೇವರ್ಗಿಯವರು, ಅವನು ನಿಂಬೆವ್ವನ ಬಾಗಿಲಿಗೆ ಹೋಗಿ ಕಟ್ಟಿದ್ದ ಚಪ್ಪಲಿಯನ್ನು ತನ್ನ ಕೈಯಿಂದ ಬಿಚ್ಚಿದ ಎನ್ನುತ್ತಾರೆ. ನಿಂಬರ್ಗಾದವರು, ಅವನು ಊಟ ಮಾಡದೆ ಬಸ್ಸು ಹತ್ತಿದ, ನಾಲ್ಕು ಭಾನುವಾರ ಬರಲಿಲ್ಲ, ಬಂದ ಮೇಲೆ ಯಾವ ರೋಗಿಗೂ ಆ ಮೂರು ಪ್ರಶ್ನೆ ಕೇಳಲಿಲ್ಲ ಎನ್ನುತ್ತಾರೆ.

ರುಕ್ಮಿಣಿಬಾಯಿ ಮಾತ್ರ ಅಂದೇ ಅಲ್ಲಿಯೇ ಒಂದು ಮಾತು ಕೇಳಿದಳು. ಕೆಣಕಲಿಕ್ಕಲ್ಲ, ನಿಜವಾಗಿ ತಿಳಿಯಲು. ‘ಹಂಗಾರ ದೆವ್ವ ಹೋತೋ ಇಲ್ಲೋ ಬಾಳವ್ವ?’

‘ಹೋಗಿದ್ರ ಹೋಗ್ಲಿ. ಮತ್ತ ಬಂದ್ರ ಬರ್ಲಿ. ಬಾಗಲ್ದಾಗ ನಾ ಕುಂತೇನ್ರಿ.’

ಅದು ಒಮ್ಮೆ ಮತ್ತೆ ಬಂತು ಎಂದೂ, ಬೇಸಗೆಯ ಮೇಲೆ ಬರಲಿಲ್ಲ ಎಂದೂ ಹೇಳುತ್ತಾರೆ. ವಿಜಯಶ್ರೀ ಗಂಡನ ಮನೆಗೆ ಹೋಗಲಿಲ್ಲ. ಕರೆಯಲು ಬಂದ ಗಂಡನನ್ನು, ಮೊದಲು ನಿಮ್ಮವ್ವ ಬರಲಿ ಎಂದು ವಾಪಸು ಕಳಿಸಿದಳು. ನಿಂಬೆವ್ವ ಓಣಿ ಬಿಡಲಿಲ್ಲ, ಪ್ರಾರ್ಥನಾ ಮನೆಗೂ ಸೇರಲಿಲ್ಲ. ಇಷ್ಟೆಲ್ಲ ಮಾಡಿ ಮುದುಕಿಯನ್ನು ಸಭೆಗೆ ಕರೆತರಲಾಗಲಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ತಾನು ಅವಳನ್ನು ಬಿಡಿಸಿದ್ದು ಅವಳ ದೇವರಿಂದಲ್ಲ, ನಮ್ಮ ಕೈಯಿಂದ ಎಂದಳಂತೆ ಬಾಳಮ್ಮ.

ವಿಜಯಶ್ರೀ ಸಭೆಯಲ್ಲಿ ಮಾತನಾಡಿದ ಮರುದಿನ, ಸೋಮವಾರ, ಶಾಂತಲಿಂಗಪ್ಪನವರ ಹೊಲಕ್ಕೆ ಹೊರಟ ಟ್ರ್ಯಾಕ್ಟರಿನಲ್ಲಿ ಹೆಂಗಸರು ಎಂದಿನಂತೆ ಒತ್ತಿ ಕೂತು ನಿಂಬೆವ್ವನಿಗೆ ಜಾಗವಿಲ್ಲ ಎಂದರು. ಬಾಳಮ್ಮ ಗುಂಪಿನ ಮುಂದಾಳು. ತಾನು ಕೆಳಗಿಳಿದು ನಿಂತಳು, ವಿಜಯಶ್ರೀಯೂ ಇಳಿದಳು. ಮುಂದಾಳೇ ಇಲ್ಲದೆ ಹೊಲಕ್ಕೆ ಹೋಗಿ ಮಾಡುವುದೇನೆಂದು ಡ್ರೈವರ್ ಗಾಡಿ ಬಂದ್ ಮಾಡಿದ. ಬಿಸಿಲು ಏರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ರುಕ್ಮಿಣಿಬಾಯಿ ತನ್ನ ಬುತ್ತಿಯನ್ನು ತೊಡೆಯ ಮೇಲೆ ತೆಗೆದಿಟ್ಟುಕೊಂಡು ಸರಿದಳು. ನಿಂಬೆವ್ವ, ಸೊಂಟ ನೋಯುತ್ತದೆ, ಎತ್ತಿರೇ ಎಂದು ಬೈಯುತ್ತ ಎರಡೂ ಕೈ ಮೇಲೆ ಚಾಚಿದಳು.